ಹತ್ತುಮೀನು ಹತ್ತಲಿ, ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಗಾರು ಹಿಡಿಯುವ ಹೊತ್ತಾಯ್ತು. ಹಳ್ಳದಲ್ಲಿ ಕೆಂಪು ನೀರು ಇಳಿಯುತ್ತಿದ್ದ ಹಾಗೇ ತೀರ್ಥಹಳ್ಳಿ, ಹೊಸನಗರದ ಕಡೆ ಅಟ್ಟದ ಮೇಲಿದ್ದ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಕೆಳಗಿಳಿಯುತ್ತದೆ, ಟಾರ್ಚಿಗೆ ಹೊಸ ಸೆಲ್ ಬೀಳುತ್ತದೆ, ಕತ್ತಿ ಮಸೆಯುವುದೂ ಶುರುವಾಗುತ್ತದೆ. ಹೊಸ ನೀರಿಗೆ ಎದುರು ಹತ್ತಿ ಬರುವ ಹತ್ತುಮೀನಿನ ಕಾಲ ಅಲ್ವಾ! ನಾನೂ ಗಾಳ ಹಾಕುವವನೇ. ಹೊಳೆ ಬದಿಯಲ್ಲಿ ಗಾಳ ಹಿಡಿದು ಕೂರುವ ಒಂದಿಷ್ಟು ಜನ ನಾವು ಆಗಾಗ ಸೇರಿ ಮೀನಿನ ವಿಚಾರ ಮಾತಾಡುತ್ತೇವೆ. ಅಲ್ಲಿ ಎಲ್ಲರೂ ಒಪ್ಪಿದ ಮಾತೊಂದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಈ ಮಳೆಗಾಲ ಮೇಲೆ ಹತ್ತುವ ಮೀನನ್ನು ಹಿಡಿಯುವುದು ಬೇಡ.

ಯಾಕೆ ಅಂತ ಹೇಳುತ್ತೇನೆ. ಬೇಸಿಗೆಯಿಡೀ ತುಂಗೆಯ, ಮಾಲತಿಯ ಗುಂಡಿಗಳಲ್ಲಿ ಹೇಗೋ ಜೀವ ಹಿಡಿದುಕೊಂಡಿದ್ದ ಮೀನು, ಮೊದಲ ದೊಡ್ಡ ಮಳೆಗೆ ಹೊಸ ನೀರು ಬಂದ ಕೂಡಲೇ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಎದುರು ಈಜಿಕೊಂಡು ಬರುತ್ತದೆ. ಮೊಟ್ಟೆ ಇಡುವುದಕ್ಕೆ. ಗದ್ದೆಯ ತೆಳು ನೀರು ಬೆಚ್ಚಗಿರುತ್ತದೆ, ಮರಿಗೆ ತಿನ್ನೋಕೆ ಸಿಗುತ್ತದೆ, ನುಂಗುವ ದೊಡ್ಡ ಮೀನಿನ ಕಾಟ ಕಡಿಮೆ. ಹಾಗೆ ಹತ್ತಿ ಬರುವ ಒಂದೊಂದು ಗೆಂಡೆಯ ಹೊಟ್ಟೆಯಲ್ಲೂ ಸಾವಿರಗಟ್ಟಲೆ ಮೊಟ್ಟೆ ಇರುತ್ತದೆ. ಅದನ್ನೇ ಕಂಟದ (ಗದ್ದೆ ಬದುವಿನಲ್ಲಿ ನೀರು ಹರಿಯುವ ಕಂಡಿಯ) ಬಾಯಲ್ಲಿ ಕೂಣಿ ಇಟ್ಟು ಹಿಡಿದರೆ ಮುಂದಿನ ವರ್ಷದ ಮೀನೂ ಅದರ ಜೊತೆಗೇ ಹೋಯಿತು.

ಅಜ್ಜನ ಕಾಲದಿಂದ ಹಿಡಿದಿದ್ದೇವೆ, ಆಗ ಖಾಲಿಯಾಗದ ಮೀನು ಈಗ ಯಾಕೆ ಖಾಲಿಯಾಗುತ್ತದೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆಗ ಊರ ತುಂಬ ಗದ್ದೆ ಇತ್ತು. ಒಂದು ಕಡೆ ಸಿಕ್ಕಿಬಿದ್ದರೆ ಇನ್ನೊಂದು ಕಡೆ ಹತ್ತುತ್ತಿತ್ತು. ಈಗ ಎಷ್ಟೋ ಗದ್ದೆ ಅಡಿಕೆ ತೋಟವಾಗಿದೆ, ಎಷ್ಟೋ ಹಾಳು ಬಿದ್ದಿದೆ. ಉಳಿದ ಒಂದೆರಡು ದಾರಿಯಲ್ಲೇ ಎಲ್ಲರೂ ಬ್ಯಾಟರಿ ಹಿಡಿದು ನಿಂತರೆ ಅದು ಎಲ್ಲಿಗೆ ಹೋಗಬೇಕು?

ತೋಟದ ಮಾತು ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಮಳೆಗಾಲದಲ್ಲಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹೊಡೆಯದೆ ಇರೋಕಾಗುವುದಿಲ್ಲ, ಅದು ನಮ್ಮ ಅನ್ನ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ಭಾರೀ ವಿಷ. ಕಿವಿರಿಗೆ ಪೆಟ್ಟು ಬಿದ್ದು ಉಸಿರಾಟವೇ ಕೆಡುತ್ತದೆ, ಮರಿಯಂತೂ ತೀರಾ ಸ್ವಲ್ಪಕ್ಕೇ ಸಾಯುತ್ತದೆ. ಕೆಲಸ ಮುಗಿದ ಮೇಲೆ ಡ್ರಮ್ಮನ್ನು, ತಳದಲ್ಲಿ ನೀಲಿ ಗಷ್ಟು ಕೂತಿರುವಾಗಲೇ, ಹಳ್ಳಕ್ಕೆ ಒಯ್ದು ತೊಳೆಯುತ್ತೇವಲ್ಲ, ಅದೊಂದನ್ನು ನಿಲ್ಲಿಸಬಹುದು. ಹಳ್ಳದಿಂದ ದೂರ, ತೋಟದೊಳಗೇ ತೊಳೆದು ಆ ನೀರನ್ನು ಅಲ್ಲೇ ಚೆಲ್ಲಿ. ಖರ್ಚೇನೂ ಇಲ್ಲ.

ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯ್ತು ಅನ್ನುವವರೂ ಇದ್ದಾರೆ. ಕೆರೆಗೆ ಕಾಟ್ಲಾ, ರೋಹು ಬಿಡುವುದು ಬೇರೆ ವಿಚಾರ. ಹರಿಯುವ ಹೊಳೆಯಲ್ಲಿ ಇದು ಅಷ್ಟು ಸುಲಭ ಅಲ್ಲ. ಕಾವೇರಿಯಲ್ಲಿ ಏನಾಯ್ತು ನೋಡಿ. ಅಲ್ಲಿನ ಡುಬ್ಬದ ಮಹಶೀರ್ ಅನ್ನುವ ದೊಡ್ಡ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮಹಶೀರ್ ಹೆಚ್ಚಲಿ ಅಂತ ಒಳ್ಳೆ ಮನಸ್ಸಿನಿಂದಲೇ ಕೃಷ್ಣಾ ಕಣಿವೆಯ ಮಹಶೀರ್ ಮರಿಗಳನ್ನು ತಂದು ಅಲ್ಲಿ ಬಿಟ್ಟರು. ಬಂದ ಮೀನು ಹಬ್ಬಿತು, ಅಲ್ಲಿನದ್ದು ಹಿಂದೆ ಬಿತ್ತು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅಮೆರಿಕದ ಮೊಂಟಾನಾದಲ್ಲಿ ಟ್ರೌಟ್ ಮೀನಿನ ಗಾಳದವರು ಜಾಸ್ತಿ. ಅಲ್ಲಿ ಮ್ಯಾಡಿಸನ್ ನದಿಗೆ ಸಾಕಿದ ಟ್ರೌಟ್ ಬಿಡುವುದನ್ನು ನಿಲ್ಲಿಸಿ ನೋಡಿದರೆ ಹೊಳೆಯಲ್ಲೇ ಹುಟ್ಟಿ ಬೆಳೆಯುವ ಟ್ರೌಟ್ ಹೆಚ್ಚಾಯಿತು. 1974ರಲ್ಲಿ ಅಂಥ ಹೊಳೆಗಳಿಗೆ ಸಾಕಿದ ಮೀನು ಬಿಡುವುದನ್ನೇ ಕೈಬಿಟ್ಟರು. ಹೊಳೆ ಚೆನ್ನಾಗಿದ್ದರೆ ಮೀನು ತಾನೇ ಆಗುತ್ತದೆ ಅನ್ನೋದನ್ನು ಆ ಗಾಳದವರು ಒಪ್ಪಿಕೊಂಡರು.

ನಮ್ಮ ತುಂಗೆಯ ಮಹಶೀರ್ ಇಲ್ಲಿಯದ್ದೇ. ಶೃಂಗೇರಿಯ ಸ್ನಾನಘಟ್ಟದಲ್ಲಿ, ಚಿಬ್ಬಲಗುಡ್ಡೆಯ ಸಿದ್ಧಿವಿನಾಯಕನ ಎದುರಿನ ಗುಂಡಿಯಲ್ಲಿ ಮಂಡಕ್ಕಿ ಎಸೆದರೆ ಮೇಲೆ ಬಂದು ಬಾಯಿ ತೆರೆಯುವ ಮೀನನ್ನು ನೀವೆಲ್ಲ ನೋಡಿರುತ್ತೀರಿ. ದೇವರ ಮೀನು ಅಂತ ಅಲ್ಲಿ ಯಾರೂ ಮುಟ್ಟುವುದಿಲ್ಲ. ಆದರೆ ಮೀನಿಗೆ ಗಡಿ ಗೊತ್ತಿಲ್ಲ. ಮಳೆ ಬಂದಾಗ ಆಚೆ ಹೋದರೆ, ಮುಂದಿನ ತಿರುವಿನಲ್ಲಿ ಅದೇ ಮೀನಿಗೆ ತೋಟೆ (ಸಿಡಿಮದ್ದು) ಹೊಡೆಯುವವರು ಇರುತ್ತಾರೆ, ಬ್ಲೀಚಿಂಗ್ ಪೌಡರ್ ಹಾಕುವವರಿರುತ್ತಾರೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ. ತೋಟೆಗೆ ಸತ್ತ ಮೀನಿನಲ್ಲಿ ಎಷ್ಟೋ ತಳಕ್ಕೆ ಮುಳುಗಿ ಅಲ್ಲೇ ಕೊಳೆಯುತ್ತದೆ, ಹೊಡೆದವರಿಗೂ ಸಿಗುವುದಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ಇನ್ನು ಗಾಳದವರಿಗೆ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳಿರುತ್ತದಲ್ಲ, ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ, ಬಾಯಿ ಹರಿಯದೆ ಸಲೀಸಾಗಿ ಬರುತ್ತದೆ. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಹೋಗಿ ರೋಗ ಹತ್ತುತ್ತದೆ. ಫೋಟೋಗೆ ಅಂತ ಸುಮ್ನೆ ಬಂಡೆ ಮೇಲೆ ಮಲಗಿಸಬೇಡಿ. ಬಿಡುವಾಗ ಎಸೆಯಬೇಡಿ, ತಲೆಯನ್ನು ನೀರಿನ ಸೆಳವಿಗೆ ಎದುರಾಗಿ ಹಿಡಿದುಕೊಂಡಿರಿ. ಕಿವಿರು ಆಡಿ, ಬಾಲ ಬಡಿದು ಕೈ ಬಿಡಿಸಿಕೊಂಡು ಹೋಗುವವರೆಗೂ.

ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಊಟಕ್ಕೆ ಬೇಕಾದಷ್ಟು ಹಿಡಿಯಿರಿ, ಬೇಡ ಅನ್ನುವವನು ನಾನಲ್ಲ. ಈಗ ಮಾತ್ರ ಕೂಣಿ ಅಟ್ಟದಲ್ಲೇ ಇರಲಿ. ಹೊಳೆಯಲ್ಲಿ ತೋಟೆ ಸದ್ದು ಕೇಳಿದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೋ ಪೊಲೀಸರಿಗೋ ಅವತ್ತೇ ತಿಳಿಸಿ. ನಮಸ್ಕಾರ.