ಕಿವಿ ಕಟ್ಟಿದ್ರೆ ಎಲ್ಲಾ ಗುಗ್ಗೆನೇ ಅಲ್ಲ

ಎಲ್ರಿಗೂ ನಮಸ್ಕಾರ. ನಮ್ಮ ಕೊಡಗಲ್ಲಿ ಜೂನ್ ತಿಂಗಳು ಮಳೆ ಹಿಡೀತು ಅಂದ್ರೆ ಕಿವಿ ಕಟ್ಕೊಂಡಿದೆ ಅಂತ ಆಸ್ಪತ್ರೆಗೆ ಬರೋರು ಜಾಸ್ತಿ ಆಗ್ತಾರೆ. ತೋಟದಲ್ಲಿ ನೆನ್ಕೊಂಡು ಕೆಲಸ ಮಾಡಿ, ಸಂಜೆ ತಲೆಗೆ ಬಿಸಿನೀರು ಹಾಕ್ಕೊಂಡು ಮಲಗಿರ್ತಾರೆ, ಬೆಳಿಗ್ಗೆ ಎದ್ರೆ ಒಂದು ಕಿವಿ ಪೂರ್ತಿ ಬಂದ್. ಒಣಗಿ ಕೂತಿದ್ದ ಗುಗ್ಗೆ ನೀರು ಹೀರ್ಕೊಂಡು ಉಬ್ಬಿರುತ್ತೆ, ನಿನ್ನೆವರೆಗೂ ಪಕ್ಕದ ಸಂದಿಯಲ್ಲಿ ಶಬ್ದ ಒಳಗೆ ಹೋಗ್ತಿತ್ತು, ಇವತ್ತು ಆ ಸಂದೀನೂ ಮುಚ್ಚಿಹೋಯ್ತು, ಅಷ್ಟೇ. ಇದಕ್ಕೆ ಗಾಬರಿ ಬೇಡ. ಆದ್ರೆ ಹೀಗೆ ಬರೋರಲ್ಲಿ ಸುಮಾರು ಜನ ಮನೇಲಿ ಕಿವಿಗೆ ಏನೇನೋ ಬಿಟ್ಕೊಂಡು, ಏನೇನೋ ತೂರಿಸ್ಕೊಂಡು, ವಾರ ಕಳೆದು ಬರ್ತಾರೆ ನೋಡಿ, ಅದು ನಂಗೆ ಬೇಜಾರು.

ಗುಗ್ಗೆ ಕೊಳೆ ಅಲ್ಲ, ಕಿವಿಗೆ ಬೇಕಾದ್ದು ಅದು. ಒಳಗಿನ ಚರ್ಮ ಒಣಗದ ಹಾಗೆ ನೋಡ್ಕೊಳ್ಳುತ್ತೆ, ಧೂಳು, ಹುಳ ಹುಪ್ಪಟೆ ತಡೆಯುತ್ತೆ. ಕಿವಿ ತೂತಿಂದ ತಮಟೆವರೆಗೆ ದೊಡ್ಡೋರಲ್ಲಿ ಸುಮಾರು 2.5 ಸೆಂಟಿಮೀಟರ್, ಅದರಲ್ಲಿ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ಆಗೋದು. ಒಳಗಿನ ಚರ್ಮ ತಾನೇ ನಿಧಾನಕ್ಕೆ ಹೊರಗಡೆ ಸರೀತಾ ಬರುತ್ತೆ, ಊಟ ಅಗಿಯುವಾಗ ದವಡೆ ಆಡುತ್ತಲ್ಲ, ಅದರ ಜೊತೆ ಗುಗ್ಗೆನೂ ಹೊರಗೆ ಬಂದು ಉದುರಿ ಹೋಗುತ್ತೆ. ಹಾಗಾಗಿ ತಮಟೆಗೆ ಅಂಟ್ಕೊಂಡು ಗುಗ್ಗೆ ಕೂತಿದೆ ಅಂದ್ರೆ ಹೆಚ್ಚಾಗಿ ಅದನ್ನ ಅಲ್ಲಿಗೆ ತಳ್ಳಿದ್ದು ನಾವೇ. ಬಡ್ಸು, ಬೆಂಕಿಕಡ್ಡಿ, ಪಿನ್ನು, ಬೈಕ್ ಕೀ, ಕೋಳಿ ಪುಕ್ಕ ಕೂಡ. ಕೋವಿ ನಳಿಗೆಗೆ ಕಡ್ಡಿ ಹಾಕಿ ಮದ್ದು ಜಡಿದ ಹಾಗೆ ಆಗುತ್ತೆ ಅದು.

ಹಾಗಾದ್ರೆ ಯಾವಾಗ ತೋರಿಸ್ಬೇಕು? ಗುಗ್ಗೆ ಇದೆ, ಆದ್ರೆ ಕೇಳ್ಸೋಕೆ ತೊಂದ್ರೆ ಇಲ್ಲ, ನೋವಿಲ್ಲ ಅಂದ್ರೆ ಸುಮ್ನೆ ಬಿಟ್ಬಿಡಿ. ಕೇಳ್ಸೋದು ಮಂದ ಆಯ್ತು, ಕಿವಿ ತುಂಬ್ಕೊಂಡ ಹಾಗಿದೆ, ಒಳಗೆ ಗುಂಯ್ ಅಂತಿದೆ ಅಂದ್ರೆ ಹೋಗಿ. ಹಿಯರಿಂಗ್ ಏಡ್ ಹಾಕೋರು ಏನೂ ಇಲ್ದಿದ್ರೂ ಆಗಾಗ ತೋರಿಸ್ತಾ ಇರಿ, ಅದು ಗುಗ್ಗೆ ಹೊರಗೆ ಬರೋ ದಾರಿಗೇ ಅಡ್ಡ ಕೂತಿರುತ್ತೆ.

ಈಗ ಹೇಳೋದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಚೆನ್ನಾಗಿದ್ದ ಒಂದು ಕಿವಿ ರಾತ್ರಿ ಬೆಳಗಾಗೋದ್ರೊಳಗೆ ಕೇಳ್ಸೋದು ನಿಂತುಹೋಯ್ತು, ಅದು ಗುಗ್ಗೆನೇ ಇರ್ಬೇಕು ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಕೆಲವು ಸಲ ಒಳಕಿವಿಗೆ ಅಥವಾ ಅದರ ನರಕ್ಕೇ ಪೆಟ್ಟು ಬಿದ್ದಿರುತ್ತೆ. ಬಾಯಿ ಮುಚ್ಕೊಂಡು ಹ್ಮ್ ಅಂತ ಗುನುಗಿ ನೋಡಿ. ಕಟ್ಟಿದ ಕಿವೀಲೇ ಶಬ್ದ ಜೋರಾಗಿ ಕೇಳಿದ್ರೆ ಗುಗ್ಗೆಯೋ, ನೀರೋ, ಅಂಥದ್ದೇನೋ ಅಡ್ಡ ಇರೋ ಸಾಧ್ಯತೆ ಹೆಚ್ಚು. ಚೆನ್ನಾಗಿರೋ ಕಿವೀಲಿ ಜೋರಾಗಿ ಕೇಳಿದ್ರೆ ನರದ ತೊಂದರೆ ಇರ್ಬಹುದು, ಅವತ್ತೇ ಇಎನ್‌ಟಿ ಡಾಕ್ಟ್ರ ಹತ್ರ ಹೊರಡಿ. ಗುನುಗಿ ನೋಡಿ ಗೊತ್ತಾಗ್ಲಿಲ್ಲ ಅಂದ್ರೂ ಹೊರಡಿ. ಈ ಕಾಯಿಲೆಗೆ ಸ್ಟೀರಾಯ್ಡ್ ಕೊಡ್ತಾರೆ, ಬೇಗ ಶುರು ಮಾಡಿದಷ್ಟೂ ಒಳ್ಳೇದು, 2 ವಾರ ದಾಟಿದ ಮೇಲೆ ಕೇಳ್ಸೋದು ವಾಪಸ್ ಬರೋ ಚಾನ್ಸ್ ತುಂಬಾ ಕಮ್ಮಿ. ಮಳೆ ಬಿಡ್ಲಿ, ಸಂತೆ ದಿನ ಹೇಗೂ ಪೇಟೆಗೆ ಹೋಗ್ತೀವಲ್ಲ ಅಂತ ದಯವಿಟ್ಟು ಕಾಯ್ಬೇಡಿ.

ಇನ್ನೊಂದು ನಮ್ಮ ಥಂಡಿ ಊರಿನ ಕಾಟ, ಕಿವಿಯೊಳಗೆ ಬೂಷ್ಟು. ವಿಪರೀತ ತುರಿಕೆ, ಕಿವಿ ಒದ್ದೆ ಒದ್ದೆ, ಟಾರ್ಚ್ ಹಾಕಿ ನೋಡಿದ್ರೆ ಬಿಳಿ ಹತ್ತಿ ಮೇಲೆ ಕಪ್ಪು ಚುಕ್ಕಿ ಇಟ್ಟ ಹಾಗೆ ಕಾಣುತ್ತೆ. ಇದನ್ನ ಗುಗ್ಗೆ ಅಂದ್ಕೊಂಡು ನೀರು ಹೊಡೆದ್ರೆ ಇನ್ನೂ ಹೆಚ್ಚಾಗುತ್ತೆ, ಮಷಿನಲ್ಲಿ ಎಳೆದು ಒಣಗಿಸಿ ಔಷಧಿ ಹಾಕ್ಬೇಕು. ಕಿವಿ ಸೋರ್ತಿದ್ರೆ, ತಮಟೆ ತೂತಾಗಿದ್ರೆ, ಹಿಂದೆ ಕಿವಿ ಆಪರೇಷನ್ ಆಗಿದ್ರೆ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಯಾವುದೂ ಬಿಡ್ಬೇಡಿ. ಶುಗರ್ ಇರೋರಿಗೆ ರಾತ್ರಿ ನಿದ್ದೆ ಬಾರದಷ್ಟು ಕಿವಿನೋವು ಬಂದ್ರೆ ಅದು ಮೂಳೆಗೆ ಇಳಿಯೋ ಸೋಂಕೂ ಆಗಿರ್ಬಹುದು, ಮನೆಮದ್ದು ಮಾಡ್ತಾ ಕೂರಬೇಡಿ.

ಮಕ್ಕಳು ಕರಿಮೆಣಸಿನ ಕಾಳು, ಹುರುಳಿಕಾಳು ಹಾಕ್ಕೊಳ್ತಾರೆ, ಅದಕ್ಕೆ ನೀರು ಬಿಡ್ಬಾರ್ದು, ಕಾಳು ಉಬ್ಬಿ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಆಟದ ಸಾಮಾನಿನ ಬಟನ್ ಬ್ಯಾಟರಿ ಏನಾದ್ರೂ ಹೋಗಿದ್ರೆ ಕೆಲವೇ ಗಂಟೇಲಿ ಒಳಗಿನ ಚರ್ಮ ಸುಡುತ್ತೆ, ಆ ಕ್ಷಣವೇ ಗಾಡಿ ಹತ್ತಿ.

ಆಸ್ಪತ್ರೇಲಿ ಏನು ಮಾಡ್ತಾರೋ ಅಂತ ಹೆದರೋರು ಬಹಳ. ಮೊದಲು ಲೈಟ್ ಹಾಕಿ ನೋಡ್ತಾರೆ. ಗುಗ್ಗೆ ಗಟ್ಟಿ ಇದ್ರೆ ಮೆತ್ತಗಾಗೋಕೆ 3ರಿಂದ 5 ದಿನ ಡ್ರಾಪ್ಸ್ ಹಾಕೋಕೆ ಹೇಳ್ತಾರೆ, ಆಗ ಕಿವಿ ಇನ್ನೂ ಕಟ್ಟಿದ ಹಾಗೆ ಅನ್ನಿಸ್ಬಹುದು, ಹೆದರಿ ನಿಲ್ಲಿಸ್ಬೇಡಿ. ಆಮೇಲೆ ಸಣ್ಣ ಕೊಕ್ಕೆಯಲ್ಲೋ, ಎಳೆಯೋ ಮಷಿನಲ್ಲೋ, ನೀರು ಹಾಯಿಸಿಯೋ ತೆಗೀತಾರೆ. ನೀರು ಮೈ ಬಿಸಿಯಷ್ಟೇ, ಅಂದ್ರೆ 37 ಡಿಗ್ರಿ ಸುತ್ತಮುತ್ತ ಇರ್ಬೇಕು, ತಣ್ಣೀರು ಬಿಟ್ರೆ ತಲೆ ಗಿರ್ರ್ ಅನ್ನುತ್ತೆ. ಕ್ಲೀನ್ ಮಾಡುವಾಗ ಕೆಲವರಿಗೆ ಕೆಮ್ಮು ಬರುತ್ತೆ, ಗಂಟಲಿಗೆ ಹೋಗೋ ನರದ್ದೇ ಒಂದು ಕವಲು ಕಿವೀಲೂ ಇದೆ, ಅದಕ್ಕೆ. ನೋವಾದ್ರೆ ತಕ್ಷಣ ಕೈ ಎತ್ತಿ, ನಿಲ್ಲಿಸ್ತಾರೆ.

ಮನೇಲಿ ಅಜ್ಜ ಅಜ್ಜಿ ಟಿವಿ ಸೌಂಡ್ ಏರಿಸ್ತಾ ಹೋಗ್ತಿದ್ರೆ, ಕರೆದ್ರೆ ತಿರುಗಿ ನೋಡ್ತಿಲ್ಲ ಅಂದ್ರೆ, ವಯಸ್ಸಾಯ್ತು ಬಿಡಿ ಅಂತ ಸುಮ್ನಾಗ್ಬೇಡಿ. ವಯಸ್ಸಾದ ಹಾಗೆ ಗುಗ್ಗೆ ಗಟ್ಟಿಯಾಗುತ್ತೆ, ತಾನಾಗಿ ಹೊರಗೆ ಬರಲ್ಲ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಮೊದಲು ಅಲ್ಲಿ ಕಿವಿ ತೋರಿಸಿ ಗುಗ್ಗೆ ತೆಗೆಸಿ. ಆಮೇಲೂ ಕೇಳ್ಸಲ್ಲ ಅಂದ್ರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕೇಳ್ಸೋ ಟೆಸ್ಟ್ ಮಾಡಿ ಬೇಕಾದ್ರೆ ಹಿಯರಿಂಗ್ ಏಡ್ ಕೊಡ್ತಾರೆ. ಹೋಗುವಾಗ ಅಜ್ಜ ನುಂಗೋ ಮಾತ್ರೆ ಚೀಟಿ, ಮನೇಲಿ ಹಾಕಿದ ಡ್ರಾಪ್ಸ್ ಬಾಟ್ಲಿ ಎರಡನ್ನೂ ಚೀಲದಲ್ಲಿ ಇಟ್ಕೊಳ್ಳಿ, ಶುಗರ್ ಇದ್ರೆ ಮರೀದೆ ಮೊದಲೇ ಹೇಳಿ. ನಮಸ್ಕಾರ.