ಆಜಾದ್ ಎತ್ತಿಕೊಂಡ ಗಂಟು

ಕೇಳುಗರಿಗೆ ನಮಸ್ಕಾರ. ಉರ್ದು ಕಾವ್ಯ ಅಂದ ಕೂಡಲೇ ಎಲ್ಲರೂ ಗಾಲಿಬ್ ಅನ್ನುತ್ತಾರೆ. ಗಾಲಿಬ್ ದೊಡ್ಡವರೇ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತು ಅವರನ್ನು ಸ್ವಲ್ಪ ಪಕ್ಕಕ್ಕೆ ಕೂರಿಸೋಣ. ಮುಹಮ್ಮದ್ ಹುಸೇನ್ ಆಜಾದ್ ಅಂತ ಒಬ್ಬರಿದ್ದರು. ಹಳೆಯ ಉರ್ದು ಕವಿಗಳು ಹೇಗೆ ಬದುಕಿದರು, ಹೇಗೆ ಜಗಳವಾಡಿದರು ಅಂತ ನಮಗೆ ಗೊತ್ತಾಗಿದ್ದೇ ಇವರು ಬರೆದಿಟ್ಟದ್ದರಿಂದ.

ಹುಟ್ಟಿದ್ದು 1830ರಲ್ಲಿ, ದೆಹಲಿಯಲ್ಲಿ. ತಂದೆ ಮೌಲವಿ ಮುಹಮ್ಮದ್ ಬಾಕರ್ 'ದೆಹಲಿ ಉರ್ದು ಅಖ್ಬಾರ್' ಪತ್ರಿಕೆ ನಡೆಸುತ್ತಿದ್ದರು. ಕಾವ್ಯದ ಗುರು ಜೌಕ್. ಬಾದಶಹ ಬಹದ್ದೂರ್ ಶಾ ಜಫರ್ ಬರೆದ ಗಜಲ್‌ಗಳನ್ನು ತಿದ್ದುತ್ತಿದ್ದ ಉಸ್ತಾದ್ ಅವರು. 1854ರಲ್ಲಿ ಜೌಕ್ ತೀರಿಕೊಂಡರು. ಅವರ ಗಜಲ್‌ಗಳ ಹಸ್ತಪ್ರತಿ ಶಿಷ್ಯನ ಮನೆಯಲ್ಲಿ ಉಳಿಯಿತು.

ಬಂತು ನೋಡಿ 1857. ದಂಗೆ ಸೋತಿತು, ಇಂಗ್ಲಿಷರು ದೆಹಲಿಯನ್ನು ಮತ್ತೆ ಹಿಡಿದರು. ಇಂಗ್ಲಿಷರ ಸಿಪಾಯಿಗಳು ಆಜಾದರ ಮನೆಗೆ ನುಗ್ಗಿ, ಈಗಲೇ ಹೊರಡಿ ಅಂದರು. ಮನೆ ತುಂಬ ಸಾಮಾನು. ಯಾವುದನ್ನು ತಗೊಳ್ಳುವುದು, ಯಾವುದನ್ನು ಬಿಡುವುದು? ನಾವಾಗಿದ್ದರೆ ಚಿನ್ನ ಹುಡುಕುತ್ತಿದ್ದೆವು, ಅಲ್ವಾ? ಆಜಾದರ ಕಣ್ಣು ಜೌಕರ ಗಜಲ್‌ಗಳ ಗಂಟಿನ ಮೇಲೆ ಬಿತ್ತು. ದೇವರು ಕೊಟ್ಟರೆ ಉಳಿದದ್ದೆಲ್ಲ ಮತ್ತೆ ಬರುತ್ತದೆ, ಇಂಥ ಉಸ್ತಾದ್ ಮತ್ತೆಲ್ಲಿ ಹುಟ್ಟುತ್ತಾರೆ ಅಂದುಕೊಂಡರಂತೆ. ಗಂಟು ಎತ್ತಿಕೊಂಡರು. ಅರೆಜೀವವಾಗಿದ್ದ ಇಪ್ಪತ್ತೆರಡು ಜನರ ಸಂಸಾರದ ಜೊತೆ ಬೀದಿಗೆ ಬಿದ್ದರು. ತಂದೆಯನ್ನು ಇಂಗ್ಲಿಷರು ಕೊಂದರು. ದಕ್ಖನ್‌ನಲ್ಲಿ ಕಾವ್ಯಕ್ಕೆ ಬೆಲೆ ಇದೆ ನಿಜ, ಆದರೆ ದೆಹಲಿಯ ಗಲ್ಲಿಗಳನ್ನು ಬಿಟ್ಟು ಯಾರು ಹೋಗುತ್ತಾರೆ ಅಂತ ಹಾಡಿದವರು ಜೌಕ್. ಅವರ ಗಜಲ್‌ಗಳೇ ಕೊನೆಗೆ ದೆಹಲಿ ಬಿಟ್ಟು ಓಡಬೇಕಾಯಿತು.

ಸಮಯ ಓಡುತ್ತಿದೆ, ಮುಂದಿನದನ್ನು ಬೇಗ ಹೇಳುತ್ತೇನೆ. ಊರೂರು ಅಲೆದು ಆಜಾದ್ ಲಾಹೋರ್ ಸೇರಿದರು. ಅಲ್ಲಿ ಶಿಕ್ಷಣ ಇಲಾಖೆಯ ಕೆಲಸ, ಆಮೇಲೆ ಸರ್ಕಾರಿ ಕಾಲೇಜಿನಲ್ಲಿ ಪಾಠ. 1874ರಲ್ಲಿ ಅಂಜುಮನ್-ಎ-ಪಂಜಾಬ್ ಅನ್ನುವ ಲಾಹೋರಿನ ಸಂಘದಲ್ಲಿ ಹೊಸ ಬಗೆಯ ಮುಶಾಯಿರಾ, ಅಂದರೆ ಕವಿಗೋಷ್ಠಿ, ಶುರುವಾಯಿತು. ಕವಿಗಳು ಮಳೆಗಾಲದಂಥ ವಿಷಯದ ಮೇಲೆ ಬರೆದು ತರಬೇಕು. ಅದರ ಮುಂದಾಳು ಆಜಾದ್. 1880ರಲ್ಲಿ ಬಂತು 'ಆಬ್-ಎ-ಹಯಾತ್', ಉರ್ದು ಕವಿಗಳ ದೊಡ್ಡ ಚರಿತ್ರೆ. ಹಿರಿಯರ ಬಾಯಲ್ಲಿ ಕೇಳಿದ್ದನ್ನೆಲ್ಲ ಅದರಲ್ಲಿ ತುಂಬಿದರು. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಅವರು ಬರೆಯದಿದ್ದರೆ ಆ ಮಾತುಗಳು ಆ ಹಿರಿಯರ ಜೊತೆಗೇ ಹೋಗುತ್ತಿದ್ದವು.

ಪಂಡಿತರ ತಕರಾರು ಇದೆ. ಗುರು ಜೌಕರನ್ನು ಅತಿಯಾಗಿ ಹೊಗಳಿದ್ದಾರೆ, ಮೊದಲ ಮುದ್ರಣದಲ್ಲಿ ದೆಹಲಿಯ ದೊಡ್ಡ ಕವಿ ಮೋಮಿನ್‌ನನ್ನೇ ಬಿಟ್ಟಿದ್ದಾರೆ, ಕಥೆ ಕಟ್ಟಿದ್ದಾರೆ ಅಂತ. ಹೌದು ಸ್ವಾಮಿ, ಕಟ್ಟಿದ್ದಾರೆ! ಆದರೂ ಆ ಕಾಲದ ಬಗ್ಗೆ ಬರೆಯುವಾಗ ಎಲ್ಲರೂ ಇದೇ ಪುಸ್ತಕ ತೆರೆಯುತ್ತಾರೆ. ಕೊನೆಯ ಸುಮಾರು ಇಪ್ಪತ್ತು ವರ್ಷ ಆಜಾದರ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. 1910ರಲ್ಲಿ ಲಾಹೋರಿನಲ್ಲಿ ತೀರಿಕೊಂಡರು. 'ಆಬ್-ಎ-ಹಯಾತ್' ಇಂಗ್ಲಿಷಿನಲ್ಲೂ ಸಿಗುತ್ತದೆ. ತಪ್ಪು ಹುಡುಕುವವರು ಮೊದಲು ಓದಿ, ಆಮೇಲೆ ಹುಡುಕಲಿ. ನಮಸ್ಕಾರ.