ದನ ಬಿಟ್ಟು ಮನುಷ್ಯ ಹೊರಡಲ್ಲ ಸ್ವಾಮಿ

ನಮಸ್ಕಾರ, ಎಲ್ಲರಿಗೂ. ನೆರೆ ಬರುವ ಮೊದಲೇ ದನಕರುಗಳಿಗೂ ಒಂದು ಜಾಗ ಗೊತ್ತು ಮಾಡಿಡಬೇಕು ಅಂತ ಹಿಂದಿನ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ನೆರೆ ಬಂದರೆ ಮನುಷ್ಯರಿಗೇ ದೋಣಿ ಸಿಗಲ್ಲ, ನಿಮಗೆ ಎಮ್ಮೆ ಚಿಂತೆ." ಅದಕ್ಕೆ ಲೈಕ್ ಮೇಲೆ ಲೈಕ್ ಬೇರೆ.

ಸ್ವಾಮಿ, ಎಮ್ಮೆಗೊಂದು ಜಾಗ ತೋರಿಸಿದರೆ ತಾನೇ ಆ ಮನುಷ್ಯ ನಿಮ್ಮ ದೋಣಿ ಹತ್ತುವುದು?

2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟೊಟ್ಟಿಗೇ ಉಕ್ಕಿದವು. ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ಖಾಲಿ ಮಾಡಿಸಬೇಕಾಯಿತು. ಹೊಳೆದಂಡೆಯ ಜನ ಮನೆ ಬಿಡಲು ಹಿಂದೆಮುಂದೆ ನೋಡಿದ್ದು ಯಾಕೆ? ದನಕರು ಎಲ್ಲಿ ಕಟ್ಟುವುದು ಅಂತ. ಒಂದು ಎಮ್ಮೆ ಅಂದರೆ ಆ ಮನೆಗೆ ಡೈರಿಯಿಂದ ಬರುವ ದುಡ್ಡು, ಮಗಳ ಫೀಸು, ಸಂಘದ ಸಾಲದ ಕಂತು. ದನ ಬಿಟ್ಟು ಮನುಷ್ಯ ಹೊರಡಲ್ಲ. ಇಷ್ಟೇ ನನ್ನ ಮಾತು.

"ಪರಿಹಾರ ಕೊಡುತ್ತಾರಲ್ಲ" ಅನ್ನುವವರೂ ಇದ್ದಾರೆ. 2022ರಲ್ಲಿ ಗೊತ್ತು ಮಾಡಿದ ವಿಪತ್ತು ಪರಿಹಾರದ ಲೆಕ್ಕದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಕುರಿ, ಮೇಕೆಗೆ 4,000. ಹಾಲು ಕರೆಯುವ ಎಮ್ಮೆಗೆ ಎಷ್ಟು ಹೇಳುತ್ತಾರೆ ಅಂತ ಸಂತೆಗೆ ಹೋಗಿ ಒಂದು ಸಲ ಕೇಳಿ, ಆಮೇಲೆ ಬಂದು ಕಮೆಂಟ್ ಹಾಕಿ.

ಕೊಟ್ಟಿಗೆ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಎಮ್ಮೆಗೆ ಈಜು ಯಾರೂ ಕಲಿಸಬೇಕಿಲ್ಲ. ಅದನ್ನು ಕೊಲ್ಲುವುದು ಕೊರಳಿನ ಕಣ್ಣಿ. ನೀರು ಮೊಣಕಾಲಿಗೆ ಬರುವ ಹೊತ್ತಿಗೆ ಹಗ್ಗ ನೆನೆದು ಗಂಟು ಬಿಗಿದಿರುತ್ತದೆ, ಬೆರಳಿಗೆ ಸಿಗಲ್ಲ. ಕತ್ತಲು ಬೇರೆ. ಕುಡುಗೋಲು ಎಲ್ಲೋ. ದನ ಗಾಬರಿಯಿಂದ ಜಗ್ಗುತ್ತಿರುತ್ತದೆ, ಜಗ್ಗಿದಷ್ಟೂ ಗಂಟು ಇನ್ನೂ ಬಿಗಿ. ಆ ಹಗ್ಗ ಕೊಯ್ಯುವುದಕ್ಕೆ ಅಂತ ಮನುಷ್ಯ ಮತ್ತೆ ಒಳಗೆ ಹೋಗುತ್ತಾನೆ. ಈಗ ಹೇಳಿ, ಇದು ದನದ ಸಮಸ್ಯೆಯಾ, ಮನುಷ್ಯರ ಸಮಸ್ಯೆಯಾ?

ಅಂದಹಾಗೆ, ಹೊಳೆದಂಡೆ ಊರಿನ ನೆಂಟರು ಇದ್ದರೆ ಈ ವಿಡಿಯೋ ಅವರಿಗೆ ಈಗಲೇ ಕಳಿಸಿ. ಸಬ್‌ಸ್ಕ್ರೈಬ್ ಆಮೇಲೆ ಮಾಡಿ, ಪರವಾಗಿಲ್ಲ. ಆದರೆ ಮಾಡಿ.

ಇನ್ನೊಬ್ಬರ ವಾದ: "1962ಕ್ಕೆ ಫೋನ್ ಮಾಡಿದರೆ ಪಶು ಆ್ಯಂಬುಲೆನ್ಸ್ ಬರುತ್ತದಲ್ಲ." ಬರುತ್ತದೆ, ಒಳ್ಳೆಯದೇ, ನಂಬರ್ ಇಟ್ಟುಕೊಳ್ಳಿ. ಆದರೆ ಸೇತುವೆ ಮೇಲೆ ನೀರು ಹರಿಯುವಾಗ ಗಾಡಿ ಎಲ್ಲಿಂದ ಬರಬೇಕು? ಇನ್ನು ರೋಗ. ಮಳೆಗಾಲದಲ್ಲಿ ದನಗಳಿಗೆ ಬರುವ ಗಳಲೆ ರೋಗ (ಗಂಟಲು ಊತ), ಚಪ್ಪೆ ರೋಗದ (ತೊಡೆ ಊತ) ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಬೇಕು. ಚುಚ್ಚಿದ ಮೇಲೆ ಮೈಯಲ್ಲಿ ಶಕ್ತಿ ಬರಲು ಎರಡು ಮೂರು ವಾರ ಬೇಕು. ನೆರೆ ಬಂದ ಮೇಲೆ ಸೂಜಿ ಹಿಡಿದು ಓಡಿದರೆ ಆಗಲ್ಲ. ಲಸಿಕೆ ಇಡುವ ಫ್ರಿಜ್ಜಿಗೆ ಕರೆಂಟ್ ಬೇಕು, 2ರಿಂದ 8 ಡಿಗ್ರಿ ತಂಪು ಬೇಕು. ನೆರೆಯಲ್ಲಿ ಮೊದಲು ಹೋಗುವುದೇ ಕರೆಂಟು, ಅಲ್ವಾ? ಅದಕ್ಕೇ ಹೇಳುವುದು, ನೆರೆ ತಯಾರಿಯ ಮೊದಲ ಮೀಟಿಂಗಿನಲ್ಲೇ ಪಶುವೈದ್ಯರು ಕೂತಿರಬೇಕು. ಗಂಜಿ ಕೇಂದ್ರ ಯಾವ ಶಾಲೆಯಲ್ಲಿ ಅಂತ ಬರೆಯುವ ಅದೇ ಹಾಳೆಯಲ್ಲಿ ದನ ಯಾವ ದಿಬ್ಬದ ಮೇಲೆ, ಮೇವು ಎಲ್ಲಿಂದ, ಸತ್ತ ದನ ಹೂಳುವ ಗುಂಡಿ ಎಲ್ಲಿ, ಸುಣ್ಣ ಎಷ್ಟು, ಅದೂ ಇರಬೇಕು.

ರೋಗದ ಕಥೆಯೂ ಇದೇ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಜೋರಾಗಿ ಹಬ್ಬಿತು. ನೊಣ, ಸೊಳ್ಳೆ, ಉಣ್ಣೆ ಹರಡುವ ರೋಗ. ಆಡಿನ ಸಿಡುಬಿಗೆ ಇದ್ದ ಲಸಿಕೆಯನ್ನೇ ದನಗಳಿಗೆ ಹಾಕಬೇಕಾಯಿತು. ಅಷ್ಟರಲ್ಲಿ ವಾಟ್ಸಾಪಿನಲ್ಲಿ "ಹಾಲು ಕುಡಿಯಬೇಡಿ" ಅಂತ ಪುಕಾರು. ಆ ರೋಗ ಮನುಷ್ಯರಿಗೆ ಬರುವುದೇ ಇಲ್ಲ! ದನಗಳ ಜಾತ್ರೆ ನಿಂತಿತು, ಸಂತೆ ನಿಂತಿತು. ಏಟು ಬಿದ್ದಿದ್ದು ಯಾರಿಗೆ? ಮತ್ತೆ ಅದೇ ಮನುಷ್ಯನಿಗೆ.

"ಇದೆಲ್ಲ ನಮ್ಮ ದೇಶದಲ್ಲಿ ಆಗುವ ಮಾತಲ್ಲ" ಅನ್ನುತ್ತೀರಾ? 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಸಾಕಿದ ನಾಯಿ ಬಿಟ್ಟು ಬರಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಕಾನೂನು ಬಂತು: ಜನರನ್ನು ಸಾಗಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಇರಬೇಕು. ಅಲ್ಲಿ ನಾಯಿಗೆ ಆಯಿತು. ಇಲ್ಲಿ ಮನೆ ನಡೆಸುವ ಎಮ್ಮೆಗೆ ಆಗಲ್ವಾ?

ಆಗಲ್ಲ ಅನ್ನಬೇಡಿ. ಖರ್ಚು ಅನ್ನಬೇಡಿ. "ಮೊದಲು ಮನುಷ್ಯರು" ಅಂತ ನನಗೆ ಪಾಠ ಹೇಳಬೇಡಿ, ನಾನು ಮನುಷ್ಯರ ವಿಷಯವನ್ನೇ ಮಾತಾಡುತ್ತಿರುವುದು! ದನ ಬಿಟ್ಟು ಮನುಷ್ಯ ಹೊರಡಲ್ಲ, ಹೊರಡಲ್ಲ, ಹೊರಡಲ್ಲ. ನಿಮ್ಮ ಪಂಚಾಯಿತಿಗೆ ಹೋಗಿ, ನೆರೆ ಬಂದರೆ ದನ ಎಲ್ಲಿ ಕಟ್ಟಬೇಕು ಅಂತ ಕೇಳಿ. ಏನು ಉತ್ತರ ಬಂತೋ ಊರ ಹೆಸರಿನ ಜೊತೆ ಕೆಳಗೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಒಂದೊಂದನ್ನೂ ಓದುತ್ತೇನೆ.